ಸ್ಕೌಟ್‌ಗೆ ಅಮ್ಮ ಇಲ್ಲ ಅಂತೀವಲ್ಲ, ಹಾಗಾದ್ರೆ ಅವಳನ್ನ ಬೆಳೆಸಿದ್ದು ಯಾರು?

ಅರ್ಧಪುಟ:
ಹಾರ್ಪರ್ ಲೀ ಬರೆದ ಟು ಕಿಲ್ ಎ ಮಾಕಿಂಗ್‌ಬರ್ಡ್ ಕಾದಂಬರಿ ಬಗ್ಗೆ ಎಲ್ಲಿ ಮಾತು ಶುರುವಾದ್ರೂ ಸುತ್ತಾಡ್ಕೊಂಡು ಅಟಿಕಸ್ ಹತ್ರಾನೇ ಬಂದು ನಿಲ್ಲುತ್ತೆ, ಎಂಥಾ ಅಪ್ಪ, ಎಂಥಾ ಲಾಯರು ಅಂತ. ಇರ್ಲಿ, ಒಳ್ಳೆ ಮನುಷ್ಯನೇ. ಈ ಸಲ ಓದುವಾಗ ಮಾತ್ರ ಬೇಕಂತಲೇ ಅವನನ್ನ ಪಕ್ಕಕ್ಕಿಟ್ಟು ಬರೀ ಹೆಂಗಸರ ಹಿಂದೆ ಹೋದೆ. ಕಥೆ ಹೇಳೋ ಅವನ ಮಗಳು ಸ್ಕೌಟ್‌ಗೆ ಎರಡು ವರ್ಷ ಇದ್ದಾಗ್ಲೇ ಅಮ್ಮ ಹಾರ್ಟ್ ಅಟ್ಯಾಕ್ ಆಗಿ ಹೋಗ್ಬಿಟ್ಟಿರ್ತಾಳೆ, ಮೊದಲ ಚಾಪ್ಟರ್‌ನಲ್ಲೇ ಒಂದು ಪ್ಯಾರಾದಲ್ಲಿ ಆ ವಿಷಯ ಮುಗಿಯುತ್ತೆ, ನಂಗೆ ಅವಳ ಕೊರತೆ ಗೊತ್ತಾಗ್ಲೇ ಇಲ್ಲ ಅಂತ ಸ್ಕೌಟೇ ಹೇಳ್ತಾಳೆ. ಅಣ್ಣ ಜೆಮ್‌ಗೆ ಮಾತ್ರ ನೆನಪಿದೆ, ಆಟ ಆಡ್ತಾ ಆಡ್ತಾ ಇದ್ದಕ್ಕಿದ್ದಂಗೆ ಉದ್ದಕ್ಕೆ ನಿಟ್ಟುಸಿರು ಬಿಟ್ಟು ಕಾರ್ ಶೆಡ್ ಹಿಂದಕ್ಕೆ ಹೋಗಿ ಒಬ್ಬನೇ ಆಡ್ಕೋತಾನೆ, ಆಗ ಅವನ ತಂಟೆಗೆ ಹೋಗಬಾರದು ಅಂತ ಇವಳಿಗೆ ಗೊತ್ತು.

ಕೊರತೆ ಗೊತ್ತಾಗ್ಲಿಲ್ಲ ಅಂದ್ರೆ ಆ ಜಾಗದಲ್ಲಿ ಯಾರೋ ಇದ್ರು ಅಂತ ತಾನೇ? ನನ್ನ ವೋಟು ಆ ಮನೇಲಿ ಅಡುಗೆ ಮಾಡೋ ಕ್ಯಾಲ್ಪರ್ನಿಯಾಗೆ, ಕ್ಯಾಲ್ ಅಂತಾರಲ್ಲ ಅವಳಿಗೆ. ಶಾಲೆಯ ಮೊದಲ ದಿನ ವಾಲ್ಟರ್ ಕನಿಂಗ್‌ಹ್ಯಾಮ್ ಮಧ್ಯಾಹ್ನ ಊಟಕ್ಕೆ ಬರ್ತಾನಲ್ಲ, ಬಡ ರೈತನ ಮಗ, ತಟ್ಟೆ ತುಂಬಾ ಶುಗರ್ ಸಿರಪ್ ಸುರ್ಕೋತಾನೆ, ಇದೇನು ಮಾಡ್ತಿದೀಯೋ ಅಂತ ಸ್ಕೌಟ್ ಕೇಳ್ಬಿಡ್ತಾಳೆ. ಹುಡುಗ ನಾಚ್ಕೊಂಡು ತಲೆ ತಗ್ಗಿಸ್ತಾನೆ. ಕ್ಯಾಲ್ ಅವಳನ್ನ ಅಡುಗೆಮನೆಗೆ ಕರ್ಕೊಂಡು ಹೋಗಿ ಜಾಡಿಸ್ತಾಳೆ. ಅವನೇನು ಗೆಸ್ಟಾ, ಬರೀ ಕನಿಂಗ್‌ಹ್ಯಾಮ್ ಅಲ್ವಾ ಅಂತ ಇವಳ ವಾದ, ಈ ಮನೆಗೆ ಕಾಲಿಟ್ಟೋರು ಯಾರೇ ಆಗ್ಲಿ ಗೆಸ್ಟೇ ಅಂತ ಕ್ಯಾಲ್ ಬಾಯಿ ಮುಚ್ಚಿಸ್ತಾಳೆ, ಒಂದೇಟೂ ಬೀಳುತ್ತೆ, ಉಳಿದ ಊಟ ಅಡುಗೆಮನೇಲೇ. ಮಕ್ಕಳಿಗೆ ಒಳ್ಳೆಯದು ಕೆಟ್ಟದ್ದು ಹೇಳಿಕೊಟ್ಟ ಕ್ರೆಡಿಟ್ ಪೂರ್ತಿ ಅಟಿಕಸ್‌ಗೆ ಕೊಡ್ತೀವಿ, ಮೊದಲ ಪಾಠ ಕೊಟ್ಟಿದ್ದು ಇವಳು. ನೀವೇನಂತೀರಾ?

ಕಪ್ಪುಹಲಗೆ:
ಒಪ್ತೀನಿ. ನಾನು ಮೇಷ್ಟ್ರು ಆದ್ದರಿಂದ ನಂಗೆ ಎದ್ದು ಕಂಡಿದ್ದು ಇನ್ನೊಂದು. ಸ್ಕೌಟ್‌ಗೆ ಬರೆಯೋಕೆ ಕಲಿಸಿದ್ದು ಕ್ಯಾಲ್. ಮಳೆ ಬಂದ ದಿನ ಅಡುಗೆಮನೇಲಿ ಕೂರಿಸಿ, ಒಂದು ಕಾಗದದ ಮೇಲ್ಗಡೆ ಅಕ್ಷರ ಬರೆದುಕೊಟ್ಟು, ಕೆಳಗೆ ಬೈಬಲ್‌ನ ಒಂದು ಅಧ್ಯಾಯ ಬರೆದಿಟ್ಟು, ಅದನ್ನ ನೋಡಿ ಬರಿ ಅಂತಾಳೆ. ಚೆನ್ನಾಗಿ ಬರೆದ್ರೆ ಬೆಣ್ಣೆ ಸಕ್ಕರೆ ಹಾಕಿದ ಬ್ರೆಡ್ಡು, ಆದ್ರೆ ಅವಳನ್ನ ಮೆಚ್ಚಿಸೋದು ಅಷ್ಟು ಸುಲಭ ಅಲ್ಲ, ಬ್ರೆಡ್ಡು ಸಿಕ್ಕಿದ್ದೇ ಅಪರೂಪ. ಅದೇ ಹುಡುಗಿ ಮೊದಲ ದಿನ ಕ್ಲಾಸಿಗೆ ಹೋದ್ರೆ ಮಿಸ್ ಕ್ಯಾರೊಲಿನ್, ಟ್ರೇನಿಂಗ್ ಮುಗಿಸಿಕೊಂಡು ಬಂದ ಟೀಚರ್, ನಿಂಗೆ ಯಾಕೆ ಇಷ್ಟು ಬೇಗ ಓದೋಕೆ ಬರೆಯೋಕೆ ಬಂತು ಅಂತ ಬೈತಾಳೆ! ಅಲ್ಲಿ ಯಾರು ನಿಜವಾದ ಟೀಚರ್ ಅಂತ ಲೇಖಕಿ ಬಾಯಿಬಿಟ್ಟು ಹೇಳೋದೇ ಬೇಕಿಲ್ಲ.

ಮಜಾ ಏನಂದ್ರೆ ಸ್ಕೌಟ್ ಕಣ್ಣಿಗೆ ಕ್ಯಾಲ್ ಅಂದ್ರೆ ದಬ್ಬಾಳಿಕೆ. ಮೈಯೆಲ್ಲ ಮೂಳೆ, ಕಣ್ಣು ಕಿರಿದು ಮಾಡಿ ನೋಡೋಳು, ಕೈ ಮಂಚದ ಪಟ್ಟಿಯಷ್ಟು ಅಗಲ, ಅದರ ಎರಡರಷ್ಟು ಗಟ್ಟಿ. ಜಗಳ ಆದ್ರೆ ಯಾವಾಗ್ಲೂ ಕ್ಯಾಲೇ ಗೆಲ್ಲೋದು, ಯಾಕಂದ್ರೆ ಅಪ್ಪ ಅವಳ ಪರ. ಅಪ್ಪುಗೆ ಮುದ್ದು ಇಲ್ಲದ ತಾಯ್ತನ ಇದು, ಶಾಲೆಗೆ ಹೋದ ದಿನ ಸಾಯಂಕಾಲ ಒಂದ್ಸಲ ಬಗ್ಗಿ ಮುತ್ತು ಕೊಡ್ತಾಳೆ, ಇವಳಿಗೆ ಏನಾಗಿದೆ ಇವತ್ತು ಅಂತ ಸ್ಕೌಟ್ ಗಾಬರಿ.

ಮೂಲೆಮನೆ:
ಇಬ್ರೂ ಒಂದ್ನಿಮಿಷ ತಡೀರಿ. ಕ್ಯಾಲ್ಪರ್ನಿಯಾನ ಅಮ್ಮ ಅಂತ ಕರೆಯೋದು ಕೇಳೋಕೆ ಚೆಂದ, ಆದ್ರೆ ಅವಳು ಆ ಮನೆಯ ಕೆಲಸದವಳು, ಸಂಬಳಕ್ಕೆ ಇರೋಳು. 1930ರ ದಶಕದ ಅಲಬಾಮಾ. ಬಿಳಿಯರ ಮನೆ ಮಕ್ಕಳನ್ನ ಸಾಕಿದ ಕಪ್ಪು ಹೆಂಗಸು, ನಿಷ್ಠೆ ತುಂಬಿ ತುಳುಕೋಳು, ತನ್ನದು ಅಂತ ಏನೂ ಕೇಳದೋಳು, ಅಮೆರಿಕದ ದಕ್ಷಿಣದ ಕಥೆಗಳಲ್ಲಿ ಇದು ಸವೆದು ಹೋದ ಪಾತ್ರ. ಅವಳಿಗೆ ಸ್ವಂತ ಮಗ ಇದಾನೆ, ಜೀಬೊ, ಊರಿನ ಕಸದ ಗಾಡಿ ಓಡಿಸೋನು. ಅವಳಿಗೂ ಬೇರೆ ಬದುಕಿದೆ ಅಂತ ಸ್ಕೌಟ್‌ಗೆ ಹೊಳೆಯೋದು ಯಾವಾಗ ಹೇಳಿ? ಚರ್ಚಿಗೆ ಹೋದಾಗ. ಹುಟ್ಟಿದಾಗಿಂದ ಜೊತೇಲಿದಾಳೆ, ಅವಳ ಹುಟ್ಟಿದ ದಿನ ಯಾವುದು, ವಯಸ್ಸೆಷ್ಟು, ಒಂದನ್ನೂ ಅಲ್ಲೀವರೆಗೆ ಕೇಳಿಲ್ಲ. ಅಮ್ಮನ ಬಗ್ಗೆ ಇಷ್ಟೂ ಗೊತ್ತಿಲ್ಲದೆ ಇರ್ತೀವಾ?

ಅರ್ಧಪುಟ:
ಅಕ್ಕಾ ಅದು ಸ್ಕೌಟ್ ತಪ್ಪು ಹೇಗಾಗುತ್ತೆ, ಸಣ್ಣ ಮಗು. ಅಮ್ಮಂದಿರಿಗೆ ಬೇರೆ ಬದುಕು ಇದೆ ಅಂತ ಯಾವ ಮಗುಗೆ ಗೊತ್ತಿರುತ್ತೆ? ಸ್ವಂತ ಅಮ್ಮನ ವಿಷಯದಲ್ಲೂ ಎಷ್ಟೋ ಮಕ್ಕಳಿಗೆ ಗೊತ್ತಿರಲ್ಲ. ಮತ್ತೆ ಆ ಚರ್ಚ್ ಚಾಪ್ಟರ್‌ನ ಲೇಖಕಿ ಅದಕ್ಕೇ ಇಟ್ಟಿರೋದಲ್ವಾ.

ಮೂಲೆಮನೆ:
ತಪ್ಪು ಅಂತ ನಾನೆಲ್ಲಿ ಹೇಳ್ದೆ. ಕಥೆ ಹೇಳ್ತಿರೋದು ಸಾಕಿಸಿಕೊಂಡ ಮಗು, ಸಾಕಿದೋಳಲ್ಲ, ಅಷ್ಟು ನೆನಪಿಟ್ಕೊಂಡು ಓದೋಣ ಅಂತ.

ಆ ಚರ್ಚ್ ಚಾಪ್ಟರ್ ಸರಿಯಾಗಿ ನೋಡಿ. ಹಿಂದಿನ ರಾತ್ರಿ ಇಬ್ಬರನ್ನೂ ತಿಕ್ಕಿ ತಿಕ್ಕಿ ಸ್ನಾನ ಮಾಡಿಸಿ, ಗಂಜಿ ಹಾಕಿದ ಬಟ್ಟೆ ತೊಡಿಸ್ತಾಳೆ, ನನ್ನ ಮಕ್ಕಳನ್ನ ನಾನು ಸರಿಯಾಗಿ ನೋಡ್ಕೊಳ್ಳಲ್ಲ ಅಂತ ಯಾರೂ ಅನ್ನಬಾರದು ಅಂತಾಳೆ. ನನ್ನ ಮಕ್ಕಳು! ಅಲ್ಲಿಗೆ ಹೋದ್ರೆ ಲೂಲಾ ಅನ್ನೋಳು ಅಡ್ಡ ನಿಲ್ತಾಳೆ, ಬಿಳಿ ಮಕ್ಕಳನ್ನ ಯಾಕೆ ಇಲ್ಲಿಗೆ ತಂದೆ, ಅವರಿಗೆ ಅವರ ಚರ್ಚ್ ಇದೆ, ವಾರದ ಬಾಕಿ ದಿನ ಫಿಂಚ್ ಮನೇಲಿ ನೀನೂ ಗೆಸ್ಟೇ ಇರ್ಬೇಕು ಅಂತ ಚುಚ್ತಾಳೆ. ಓದೋರೆಲ್ಲ ಲೂಲಾ ಕೆಟ್ಟೋಳು ಅಂದ್ಕೊಂಡು ಪುಟ ತಿರುಗಿಸ್ತಾರೆ. ಅವಳು ಕೇಳ್ತಿರೋದು ಸರಿಯಾದ ಪ್ರಶ್ನೆ. ಆ ಮಕ್ಕಳು ಎಲ್ಲಿಗೆ ಬೇಕಾದ್ರೂ ನುಗ್ಗಬಹುದು, ಲೂಲಾ ಆ ಮಕ್ಕಳ ಚರ್ಚಿಗೆ ಹೋಗೋಕಾಗುತ್ತಾ? ಕ್ಯಾಲ್ ಉತ್ತರ, ಇವರು ನನ್ನ ಗೆಸ್ಟ್. ವಾಲ್ಟರ್‌ಗೆ ಕೊಟ್ಟ ನ್ಯಾಯಾನೇ ಇಲ್ಲೂ. ಅವಳ ಘನತೆ ನಂಗೆ ಅಲ್ಲಿ ಕಾಣುತ್ತೆ, ಅದಕ್ಕೆ ಅಮ್ಮ ಅನ್ನೋ ಸರ್ಟಿಫಿಕೇಟ್ ಬೇಕಿಲ್ಲ.

ಶಾಯಿಕಲೆ:
ಲೂಲಾ ಪಾಯಿಂಟ್ ಸಖತ್. ಇದಕ್ಕೆ ಸೇರಿಸಬೇಕಾದ್ದು, ಆ ಚರ್ಚಲ್ಲಿ ಓದೋಕೆ ಬರೋರು ನಾಲ್ಕೇ ಜನ ಇರಬಹುದು ಅಂತ ಕ್ಯಾಲ್ ಹೇಳ್ತಾಳೆ, ಹಾಡಿನ ಪುಸ್ತಕ ಇಲ್ಲ, ಜೀಬೊ ಒಂದೊಂದೇ ಸಾಲು ಓದ್ತಾನೆ ಉಳಿದೋರು ಹಿಂದೆ ಹಾಡ್ತಾರೆ. ಆ ಜೀಬೊಗೆ ಓದು ಕಲಿಸಿದ್ದು ಇವಳೇ, ಬೈಬಲ್ ಮತ್ತೆ ಬ್ಲಾಕ್‌ಸ್ಟೋನ್‌ನ ಕಾನೂನು ಪುಸ್ತಕ ಇಟ್ಕೊಂಡು, ಯಾಕಂದ್ರೆ ಅವಳ ಹತ್ರ ಇದ್ದಿದ್ದೇ ಅವೆರಡು. ಸ್ಕೌಟ್‌ಗೆ ಅಡುಗೆಮನೇಲಿ ಕಲಿಸಿದ್ಲು ಅಂತ ಮೆಚ್ಚಿಕೊಳ್ತೀವಲ್ಲ ಅದಕ್ಕೆ ಎಷ್ಟೋ ಮೊದಲೇ ಅವಳು ಅಮ್ಮ ಆಗಿದ್ಲು, ನಮಗೆ ತೋರಿಸಿಲ್ಲ ಅಷ್ಟೆ.

ನಡುರಾತ್ರಿ:
ಎಲ್ಲರೂ ಕ್ಯಾಲ್ ಸುತ್ತಾನೇ ಇದೀರಾ, ಅಟಿಕಸ್‌ನ ಒಡಹುಟ್ಟಿದೋಳು ಅಲೆಕ್ಸಾಂಡ್ರಾ ಅತ್ತೆ ಬಗ್ಗೆ ಯಾರೂ ಮಾತಾಡ್ತಿಲ್ಲ 😄 ನಂಗೆ ಆ ಹೆಂಗಸನ್ನ ಕಂಡ್ರೆ ಆಗಲ್ಲ. ಬ್ಯಾಗ್ ಹಿಡ್ಕೊಂಡು ಬಂದು ಕೂತ್ಕೊಂಡು, ಈ ಮನೇಲಿ ಹೆಣ್ಣಿನ ಪ್ರಭಾವ ಬೇಕು ಅಂತ ಶುರು ಮಾಡ್ತಾಳೆ, ಕ್ಯಾಲ್ ಹೆಣ್ಣೇ ತಾನೆ ಅಂತ ಸ್ಕೌಟ್ ಮನಸ್ಸಲ್ಲೇ ಅಂದ್ಕೋತಾಳಲ್ಲ ಅಲ್ಲಿ ನಾನು ಎದ್ದು ಚಪ್ಪಾಳೆ ಹೊಡೆದೆ. ಕ್ಯಾಲ್ ಮನೆಗೆ ಹೋಗ್ಬೇಕು ಅಂತ ಸ್ಕೌಟ್ ಕೇಳಿದ್ರೆ ಕೂಡದು. ವಾಲ್ಟರ್‌ನ ಆಟಕ್ಕೆ ಕರೀತೀನಿ ಅಂದ್ರೆ ಅವನು ಕಸ ಅಂತ. ಕ್ಯಾಲ್‌ನೇ ಕೆಲಸದಿಂದ ತೆಗೆದುಬಿಡು ಅಂತ ಅಟಿಕಸ್ ಕಿವಿಗೆ ಊದ್ತಾಳೆ. ಪುಣ್ಯಕ್ಕೆ ಅಟಿಕಸ್ ಒಪ್ಪಲ್ಲ, ಅವಳಿಲ್ಲದೆ ಇಷ್ಟು ವರ್ಷ ನಡೀತಿರ್ಲಿಲ್ಲ, ಹೆತ್ತಮ್ಮ ಇದ್ದಿದ್ರೂ ಕೆಲವು ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿ ಬೆಳೆಸ್ತಿರ್ಲಿಲ್ಲ ಅಂತಾನೆ.

ಮೂಲೆಮನೆ:
ನಡುರಾತ್ರಿ, ಒಂದು ಗಮನಿಸಿದ್ರಾ, ಆ ಮಾತುಕತೆ ಪೂರ್ತಿ ಕ್ಯಾಲ್ ಬೆನ್ನ ಹಿಂದೆ ನಡೆಯೋದು. ಅವಳ ಕೆಲಸ ಇರುತ್ತಾ ಹೋಗುತ್ತಾ ಅಂತ ಇಬ್ಬರು ಬೇರೆಯೋರು ಕೂತು ತೀರ್ಮಾನ ಮಾಡ್ತಾರೆ. ಮನೆಯವಳೇ ಅಂತ ಅಟಿಕಸ್ ಹೇಳ್ತಾನೆ ನಿಜ, ಮನೆಯವರನ್ನ ಯಾರಾದ್ರೂ ಕೆಲಸದಿಂದ ತೆಗೀತಾರಾ?

ಹಳೇಕನ್ನಡಕ:
ತುಂಬಾ ದಿನ ಆದ್ಮೇಲೆ ಇಲ್ಲಿ ಒಳ್ಳೆ ಚರ್ಚೆ, ಅದಕ್ಕೇ ನಾನೂ ಬಂದೆ, ಸ್ವಲ್ಪ ಉದ್ದ ಆಗುತ್ತೆ. ಅಲೆಕ್ಸಾಂಡ್ರಾನ ವಿಲನ್ ಮಾಡಿ ಬಿಟ್ಟುಬಿಟ್ರೆ ಅಧ್ಯಾಯ 24 ಕೈತಪ್ಪಿ ಹೋಗುತ್ತೆ, ನನ್ನ ಲೆಕ್ಕದಲ್ಲಿ ಟಾಮ್ ರಾಬಿನ್ಸನ್ ಅನ್ನೋ ಕಪ್ಪು ಮನುಷ್ಯನ ಪರ ಅಟಿಕಸ್ ವಾದಿಸೋ ಕೋರ್ಟ್ ಸೀನ್‌ಗಿಂತ ದೊಡ್ಡ ಅಧ್ಯಾಯ ಅದು. ಟೀ ಪಾರ್ಟಿ. ಮಿಷನರಿ ಸೊಸೈಟಿಯ ಹೆಂಗಸರು ಬಂದಿದಾರೆ, ಎಲ್ಲೋ ದೂರದೇಶದ ಮ್ರೂನಾ ಅನ್ನೋ ಬುಡಕಟ್ಟಿನ ಕಷ್ಟಕ್ಕೆ ಕಣ್ಣೀರು ಹಾಕ್ತಿದಾರೆ. ಅದೇ ಬಾಯಲ್ಲಿ ಮಿಸೆಸ್ ಮೆರಿವೆದರ್, ಟ್ರಯಲ್ ಆದ್ಮೇಲೆ ನಮ್ಮನೆ ಕೆಲಸದ ಸೋಫಿ ಮುಖ ಊದಿಸ್ಕೊಂಡು ಓಡಾಡ್ತಾಳೆ ಅಂತ ಗೊಣಗ್ತಾಳೆ. ಆಮೇಲೆ ಈ ಊರಲ್ಲಿ ಒಳ್ಳೇದು ಮಾಡ್ತೀನಿ ಅಂತ ಹೋಗಿ ದಾರಿ ತಪ್ಪಿದೋರು ಇದಾರೆ ಅಂತ ಹೆಸರು ಹೇಳದೆ ಅಟಿಕಸ್‌ಗೆ ಒಂದು ಏಟು ಬೇರೆ. ಕೂತಿರೋದು ಅವನ ಮನೇಲಿ, ತಿಂತಿರೋದು ಅವನ ಅನ್ನ. ಎದುರುಮನೆಯ ಮಿಸ್ ಮೌಡಿ ಕೇಳೋದು ಒಂದೇ ಮಾತು, ಅವನ ಊಟ ಗಂಟಲಲ್ಲಿ ಸಿಕ್ಕಿಹಾಕ್ಕೊಳ್ಳಲ್ಲ ಅಲ್ವಾ ಅಂತ. ಇಡೀ ರೂಮು ತಣ್ಣಗಾಗುತ್ತೆ. ಅಲೆಕ್ಸಾಂಡ್ರಾ ಆಗ ಮೌಡಿ ಕಡೆ ಕೃತಜ್ಞತೆಯಿಂದ ನೋಡ್ತಾಳೆ, ಇವರಿಬ್ರೂ ಅಷ್ಟೇನು ಆಪ್ತರಲ್ಲ, ಆ ನೋಟ ಸ್ಕೌಟ್‌ಗೆ ಅರ್ಥನೇ ಆಗಲ್ಲ.

ಅಷ್ಟರಲ್ಲಿ ಅಟಿಕಸ್ ಬರ್ತಾನೆ. ಟಾಮ್ ರಾಬಿನ್ಸನ್ ಜೈಲಿಂದ ಓಡೋಕೆ ಹೋಗಿ ಗುಂಡೇಟಿಗೆ ಸತ್ತ, ಮೈಯಲ್ಲಿ 17 ಗುಂಡು. ಹೆಂಡತಿ ಹೆಲೆನ್‌ಗೆ ಹೇಳೋಕೆ ಕ್ಯಾಲ್‌ನ ಜೊತೆಗೆ ಕರ್ಕೊಂಡು ಹೋಗ್ತಾನೆ. ಅಡುಗೆಮನೇಲಿ ಉಳಿಯೋರು ಅಲೆಕ್ಸಾಂಡ್ರಾ, ಮೌಡಿ, ಸ್ಕೌಟ್. ಆಗ ಅಲೆಕ್ಸಾಂಡ್ರಾ ಒಡೆದುಹೋಗ್ತಾಳೆ, ಇದು ನನ್ನ ಒಡಹುಟ್ಟಿದೋನನ್ನ ಚೂರು ಚೂರು ಮಾಡ್ತಿದೆ, ಊರಿನವರಿಗೆ ಮಾಡೋಕೆ ಧೈರ್ಯ ಇಲ್ಲದ ಕೆಲಸವನ್ನ ಅವನ ಕೈಲಿ ಮಾಡಿಸ್ತಾರೆ, ಅವನ ಆರೋಗ್ಯ ಹಾಳಾದ್ರೂ ಅವರಿಗೇನು ಅಂತ. ಆಚೆ ರೂಮಲ್ಲಿ ಹೆಂಗಸರ ಕಲಕಲ. ಮೌಡಿ ಸ್ಕೌಟ್‌ಗೆ ನಡುಗೋದು ನಿಲ್ಸು ಅಂತಾಳೆ, ಅಲೆಕ್ಸಾಂಡ್ರಾಗೆ ಏಳು ಅಂತಾಳೆ, ಬಟ್ಟೆ ಸರಿ ಮಾಡ್ಕೋತಾರೆ, ಕೂದಲು ಸರಿ ಮಾಡ್ಕೋತಾರೆ, ಏನೂ ಆಗಿಲ್ಲ ಅನ್ನೋ ಥರ ಹೊರಗೆ ಹೋಗಿ ಬಡಿಸ್ತಾರೆ. ಅತ್ತೆಗೆ ಈ ಹೊತ್ತಲ್ಲೂ ಲೇಡಿ ಆಗಿರೋಕೆ ಆಗುತ್ತೆ ಅಂದ್ರೆ ನಂಗೂ ಆಗುತ್ತೆ ಅಂದ್ಕೊಂಡು ಸ್ಕೌಟ್ ಕುಕೀಸ್ ತಟ್ಟೆ ಎತ್ಕೋತಾಳೆ, ಅದೂ ಮೊದಲು ಹೋಗೋದು ಮೆರಿವೆದರ್ ಹತ್ರಾನೇ.

ಅವತ್ತು ಸ್ಕೌಟ್ ಗುಲಾಬಿ ಫ್ರಾಕ್ ಒಳಗೆ ಚಡ್ಡಿ ಹಾಕ್ಕೊಂಡೇ ಇದಾಳೆ ಅನ್ನೋದು ಮರೀಬೇಡಿ. ಅದನ್ನ ಅವಳೇ ಹೇಳಿ ಎಲ್ಲರೂ ನಕ್ಕಿರ್ತಾರೆ, ಮೌಡಿ ಮಾತ್ರ ನಗಲ್ಲ.

ಬಿಡುವಿಲ್ಲ:
ಸಾರ್ ಚೆನ್ನಾಗಿ ಬರ್ದಿದೀರಾ ಆದ್ರೆ ನಂಗೆ ಅಲ್ಲಿ ಕಿರಿಕಿರಿ. ಲೇಡಿ ಆಗೋದು ಅಂದ್ರೆ ನೋವು ನುಂಗ್ಕೊಂಡು ತಟ್ಟೆ ಹಿಡ್ಕೊಂಡು ಹೋಗೋದಾ? ಹುಡುಗಿ ಬೆಳೆಯೋದು ಅಂದ್ರೆ ಇದೇನಾ ಕಲಿಯೋದು.

ಹಳೇಕನ್ನಡಕ:
ಕಿರಿಕಿರಿ ಆಗ್ಲೇಬೇಕು. ಅಲ್ಲಿ ಗೆಲುವೂ ಇದೆ ಸೋಲೂ ಇದೆ. ಅವತ್ತಿನವರೆಗೆ ಹೆಣ್ಣಾಗೋದು ಅಂದ್ರೆ ಸ್ಕೌಟ್‌ಗೆ ಗಂಜಿ ಹಾಕಿದ ಬಟ್ಟೆಯ ಜೈಲು. ಅದರೊಳಗೆ ಗಟ್ಟಿತನ ಇದೆ ಅಂತ ಮೊದಲ ಸಲ ಕಂಡಿದ್ದು ಅವತ್ತು. ಅದಕ್ಕೂ ಮುಂಚೆ ಒಂದ್ಸಲ ಅಡುಗೆಮನೇಲಿ ಕ್ಯಾಲ್ ಕೆಲಸ ಮಾಡೋದನ್ನ ನೋಡ್ತಾ ಹುಡುಗಿ ಆಗೋಕೂ ಏನೋ ಒಂದು ಕಸುಬು ಬೇಕು ಅಂತ ಅವಳಿಗೆ ಅನ್ಸಿರುತ್ತೆ. ಆದ್ರೆ ನೋಡಿ, ಈ ಮೂವರು ಮುಖ ಒರೆಸ್ಕೊಂಡು ಬಡಿಸ್ತಿರೋ ಹೊತ್ತಿಗೆ ನಿಜವಾದ ಭಾರ ಹೊತ್ತುಕೊಂಡು ಹೋಗಿರೋಳು ಕ್ಯಾಲ್. ಹೆಲೆನ್ ಇವರಿಬ್ಬರನ್ನ ನೋಡ್ತಿದ್ದಂಗೆ, ಬಾಯಿಂದ ಮಾತು ಬರೋಕೂ ಮೊದಲೇ ನೆಲಕ್ಕೆ ಕುಸೀತಾಳೆ. ಎತ್ತಿ ಒಳಗೆ ಕರ್ಕೊಂಡು ಹೋಗೋ ಕೆಲಸ ಅಟಿಕಸ್ ಜೊತೆ ಇವಳದ್ದು. ಆ ಸೀನ್‌ನಲ್ಲಿ ಲೇಡಿ ಅನ್ನೋ ಮಾತು ಯಾರೂ ಅವಳಿಗೆ ಹೇಳಲ್ಲ.

ಶಾಯಿಕಲೆ:
ಟಾಮ್ ಮೇಲೆ ಸುಳ್ಳು ಆರೋಪ ಹೊರಿಸಿದ ಮಯೆಲ್ಲಾ ಯೂವೆಲ್ ವಿಷಯ ಯಾರೂ ಎತ್ತಿಲ್ಲ, ನಂಗೆ ಈ ಪುಸ್ತಕ ಅಂದ್ರೆ ಅವಳು. ಅಮ್ಮ ಇಲ್ಲದ ಹುಡುಗಿಯರು ಈ ಕಥೇಲಿ ಇಬ್ಬರು, ಸ್ಕೌಟ್ ಒಬ್ಬಳೇ ಅಲ್ಲ. ಅಮ್ಮ ಸತ್ತು ಎಷ್ಟು ದಿನ ಆಯ್ತು ಅಂದ್ರೆ ಗೊತ್ತಿಲ್ಲ, ತುಂಬಾ ದಿನ ಆಯ್ತು ಅಂತಾಳೆ. ವಯಸ್ಸು 19, ಮನೇಲಿ 7 ಚಿಕ್ಕ ಮಕ್ಕಳು, ಕುಡುಕ ಅಪ್ಪ, ಶಾಲೆಗೆ ಹೋಗಿದ್ದು ಎರಡೋ ಮೂರೋ ವರ್ಷ. ಫ್ರೆಂಡ್ಸ್ ಇದಾರಾ ಅಂತ ಅಟಿಕಸ್ ಕೇಳಿದ್ರೆ ಆ ಪ್ರಶ್ನೆನೇ ಅರ್ಥ ಆಗಲ್ಲ. ಮಿಸ್ ಮಯೆಲ್ಲಾ, ಮ್ಯಾಮ್ ಅಂತ ಮರ್ಯಾದೆ ಕೊಟ್ಟು ಮಾತಾಡಿಸಿದ್ರೆ ನನ್ನನ್ನ ಆಡ್ಕೋತಿದಾನೆ ಅಂತ ಜಡ್ಜ್‌ಗೆ ಕಂಪ್ಲೇಂಟ್ ಮಾಡ್ತಾಳೆ! ಯಾರೂ ಒಂದು ಸಲಾನೂ ಅವಳ ಜೊತೆ ಹಾಗೆ ಮಾತಾಡಿಲ್ಲ.

ಅವಳ ಮನೆ ಅಂಗಳ ಪೂರ್ತಿ ಗುಜರಿ, ಒಂದು ಮೂಲೇಲಿ ಮಾತ್ರ ಎನಾಮಲ್ ಕಿತ್ತುಹೋದ 6 ಹಳೇ ಪಾತ್ರೆಗಳಲ್ಲಿ ಕೆಂಪು ಜೆರೇನಿಯಂ ಹೂವಿನ ಗಿಡ, ಮಿಸ್ ಮೌಡಿ ಸಾಕಿದ ಹಾಗೆ ಸಾಕಿರೋದು ಅಂತ ಸ್ಕೌಟ್ ಹೇಳ್ತಾಳೆ. ಅದೂ ಚೇಂಬರ್ ಪಾಟ್, ರಾತ್ರಿ ಹೊತ್ತು ಉಪಯೋಗಿಸೋದು, ಅದರಲ್ಲಿ ಹೂವು. ಮೌಡಿ ಹೆಸರನ್ನ ಅಲ್ಲೇ ಯಾಕೆ ತಂದ್ರು ಅಂತ ಯೋಚನೆ ಮಾಡಿ. ಗಂಡ ಸತ್ತಿರೋ ಮೌಡಿ ಒಂಟಿಯಾಗಿದ್ರೂ ಸ್ವಂತ ಮನೆ ಇದೆ, ಗಂಡಸರ ಹಳೇ ಬಟ್ಟೆ ಹಾಕ್ಕೊಂಡು ತೋಟದಲ್ಲಿ ಮಣ್ಣು ಕೆದಕ್ತಾಳೆ, ಮನೆ ಸುಟ್ಟು ಹೋದ್ರೂ ದೊಡ್ಡ ಜಾಗ ಸಿಕ್ತು ಗಿಡಗಳಿಗೆ ಅಂತ ನಗ್ತಾಳೆ. ಮಯೆಲ್ಲಾಗೂ ಅದೇ ಕೈ ಇದೆ. ಕ್ಯಾಲ್ ಇಲ್ಲ, ಮೌಡಿ ಇಲ್ಲ, ಅಲೆಕ್ಸಾಂಡ್ರಾ ಥರ ಬೈಯೋ ಅತ್ತೆ ಕೂಡ ಇಲ್ಲ. ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸೋಕೆ ಒಂದು ವರ್ಷ ನಿಕ್ಕಲ್ (ಐದು ಸೆಂಟ್ ನಾಣ್ಯ) ಕೂಡಿಡ್ತಾಳೆ, ಯಾಕೆ ಅಂದ್ರೆ ಅವರನ್ನ ಟೌನಿಗೆ ಕಳಿಸಿ ಟಾಮ್‌ನ ಒಳಗೆ ಕರೀಬೇಕು. ಮುಟ್ಟೋಕೆ ಯಾರೂ ಇಲ್ಲದೋಳು. ಆಮೇಲೆ ಅವಳು ಮಾಡಿದ್ದು ಕ್ಷಮಿಸೋಕೆ ಆಗದ್ದು, ಸುಳ್ಳು ಹೇಳಿ ಒಬ್ಬ ನಿರಪರಾಧಿಯ ಜೀವ ತೆಗೆಸಿದ್ಲು. ಅವಳಿಗೆ ನಾನು ರಿಯಾಯಿತಿ ಕೊಡ್ತಿಲ್ಲ.

ಮೂಲೆಮನೆ:
ಶಾಯಿಕಲೆ, ಇದು ಓದಿ ಒಂದು ಗಂಟೆ ಸುಮ್ನೆ ಕೂತೆ. ರಿಯಾಯಿತಿ ಬೇಡ ಅನ್ನೋದು ಸರಿ, ಯಾಕಂದ್ರೆ ಅವಳಿಗೆ ಏನೂ ಇಲ್ಲದಿದ್ರೂ ಬಿಳಿ ಚರ್ಮ ಒಂದಿತ್ತು, ಆ ಊರಲ್ಲಿ ಅಷ್ಟೇ ಸಾಕಾಯ್ತು. ಹೆಲೆನ್‌ಗೆ ಅದೂ ಇಲ್ಲ, ಗಂಡ ಸತ್ತ ಮೇಲೆ ಕೆಲಸಕ್ಕೆ ಹೋಗೋ ದಾರೀಲಿ ಯೂವೆಲ್ ಮನೆ ತಪ್ಪಿಸ್ಕೊಂಡು ಒಂದು ಮೈಲಿ ಸುತ್ತಿ ನಡೀಬೇಕು. ಅವಳೂ ತಾಯಿ, ಚಿಕ್ಕ ಚಿಕ್ಕ ಮಕ್ಕಳು.

ಕಪ್ಪುಹಲಗೆ:
ಕೋರ್ಟ್ ವಿಷಯ ಬಂದಾಗ ಒಂದು ಸಣ್ಣ ಸೇರ್ಪಡೆ. ಜ್ಯೂರೀಲಿ ಮಿಸ್ ಮೌಡಿ ಥರದೋರು ಯಾಕೆ ಕೂರಲ್ಲ ಅಂತ ಜೆಮ್ ಕೇಳ್ತಾನೆ, ಅವಳು ಹೆಂಗಸು ಅದಕ್ಕೆ ಅಂತ ಅಟಿಕಸ್ ಉತ್ತರ. ಸ್ಕೌಟ್‌ಗೆ ಉರಿದುಹೋಗುತ್ತೆ, ಅಟಿಕಸ್ ಮಾತ್ರ ಅದನ್ನ ತಮಾಷೆ ಮಾಡಿ ಮುಗಿಸ್ತಾನೆ, ಹೆಂಗಸರು ಇದ್ರೆ ಮಧ್ಯೆ ಮಧ್ಯೆ ಪ್ರಶ್ನೆ ಕೇಳಿ ಕೇಳಿ ಕೇಸೇ ಮುಗಿಯಲ್ಲ ಅಂತ. ಅದು ಜೋಕ್ ಅಲ್ಲ, ಅಲಬಾಮಾದಲ್ಲಿ ಹೆಂಗಸರು ಜ್ಯೂರೀಲಿ ಕೂರಬಾರದು ಅನ್ನೋ ಕಾನೂನನ್ನ ಫೆಡರಲ್ ಕೋರ್ಟ್ ಹೊಡೆದುಹಾಕಿದ್ದು 1966ರಲ್ಲಿ. ಪುಸ್ತಕ ಬಂದಿದ್ದು 1960, ಪುಲಿಟ್ಜರ್ ಬಂದಿದ್ದು 1961. ಅಂದ್ರೆ ಪ್ರಶಸ್ತಿ ತಗೊಂಡ ವರ್ಷದಲ್ಲೂ ಹಾರ್ಪರ್ ಲೀ ತನ್ನ ಸ್ವಂತ ರಾಜ್ಯದ ಜ್ಯೂರೀಲಿ ಕೂರೋ ಹಾಗಿರಲಿಲ್ಲ. ಒಳ್ಳೆ ಅಪ್ಪ ಅಟಿಕಸ್ ಈ ಒಂದು ಜಾಗದಲ್ಲಿ ನಂಗೆ ಇಷ್ಟ ಆಗಲ್ಲ.

ನಡುರಾತ್ರಿ:
ಅದೇ ಬೀದಿಯ ಮಿಸೆಸ್ ಡುಬೋಸ್ ಅಜ್ಜಿನ ಸೇರಿಸ್ಬೇಕಾ ಲಿಸ್ಟಿಗೆ? ಬೈಯೋದು ಬಿಟ್ರೆ ಬೇರೇನೂ ಮಾಡದೋಳು.

ಅರ್ಧಪುಟ:
ಅವಳು ಅಮ್ಮ ಅಲ್ಲ, ಆದ್ರೆ ಸಾಯೋಕೆ ಮುಂಚೆ ಮಾರ್ಫಿನ್ ಚಟ ಬಿಡಬೇಕು ಅಂತ ಹಟ ಹಿಡಿದು ಬಿಟ್ಟೋಳು. ಅಟಿಕಸ್ ಕೈಲಿ ತಾನು ಕಂಡೋರಲ್ಲೆಲ್ಲ ಹೆಚ್ಚು ಧೈರ್ಯಸ್ಥರು ಅಂತ ಅನ್ನಿಸಿಕೊಂಡೋಳು ಅವಳೇ. ಜೆಮ್‌ಗೆ ಕಲಿಸಿದ್ಲು ಅಂತ ಇಟ್ಕೊಳ್ಳಿ.

ನಡುರಾತ್ರಿ:
ಸರಿ. ಅಲೆಕ್ಸಾಂಡ್ರಾ ವಿಷಯಕ್ಕೆ ಬರ್ತೀನಿ, ಹಳೇಕನ್ನಡಕ ಸಾರ್ ಹೇಳಿದ್ಮೇಲೆ ಕೊನೇ ಚಾಪ್ಟರ್‌ಗಳು ತಿರುಗಿ ಓದಿದೆ. ಹ್ಯಾಲೋವೀನ್ ರಾತ್ರಿ ಮಯೆಲ್ಲಾ ಅಪ್ಪ ಬಾಬ್ ಯೂವೆಲ್ ಮಕ್ಕಳ ಮೇಲೆ ಬಿದ್ದ ಮೇಲೆ ಮನೇಲಿ ಸ್ಕೌಟ್ ಮೈಯಿಂದ ಶಾಲೆ ನಾಟಕಕ್ಕೆ ಹಾಕಿದ್ದ ಆ ತಂತಿಯ ಹ್ಯಾಮ್ (ಹಂದಿ ಮಾಂಸ) ವೇಷ ಬಿಡಿಸೋಳು ಅಲೆಕ್ಸಾಂಡ್ರಾ, ಕೈ ನಡುಗ್ತಾ ಇದೆ, ನಿಂಗೇನೂ ಆಗಿಲ್ವಾ ಕಂದಾ ಅಂತ ಮತ್ತೆ ಮತ್ತೆ ಕೇಳ್ತಾಳೆ. ಆಮೇಲೆ ಹಾಕ್ಕೊಳ್ಳೋಕೆ ತಂದುಕೊಡೋದು ಓವರಾಲ್ಸ್. ಯಾವ ಬಟ್ಟೆ ಹಾಕ್ಬೇಡ ಅಂತ ತಲೆ ತಿಂದಿದ್ಲೋ ಅದೇ ಬಟ್ಟೆ, ತಾನೇನು ಕೊಡ್ತಿದೀನಿ ಅನ್ನೋ ಪರಿವೆನೂ ಇಲ್ಲ. ಇದು ಓದಿ ಸ್ವಲ್ಪ ಮೆತ್ತಗಾದೆ. ಸ್ವಲ್ಪ ಮಾತ್ರ. ವಾಲ್ಟರ್‌ನ ಕಸ ಅಂದಿದ್ದು ಹಂಗೇ ಇದೆ ಲೆಕ್ಕದಲ್ಲಿ.

ಬಿಡುವಿಲ್ಲ:
1962ರ ಸಿನಿಮಾ ನೋಡಿದೋರಿಗೆ ಇದೊಂದೂ ಗೊತ್ತಿರಲ್ಲ, ಅದರಲ್ಲಿ ಅಲೆಕ್ಸಾಂಡ್ರಾ ಪಾತ್ರನೇ ಇಲ್ಲ, ಟೀ ಪಾರ್ಟಿನೂ ಇಲ್ಲ. ಹೆಂಗಸರನ್ನ ತೆಗೆದು ಪೂರ್ತಿ ಅಟಿಕಸ್ ಪಾತ್ರ ಮಾಡಿದ ಗ್ರೆಗರಿ ಪೆಕ್‌ಗೆ ಬಿಟ್ಟುಕೊಟ್ಟಿದಾರೆ. ಈ ಥ್ರೆಡ್ ಶುರುವಾಗಿದ್ದೇ ಆ ಕಾರಣಕ್ಕಿರ್ಬೇಕು 😀

ಶಾಯಿಕಲೆ:
ಮತ್ತೆ ಅದೇ ರಾತ್ರಿ ಕ್ಯಾಲ್ ಎಲ್ಲಿ ಅಂತ ಯಾರಾದ್ರೂ ನೋಡಿದ್ರಾ? ಸಂಜೆ ಇದಾಳೆ. ಅಪ್ಪ ಅತ್ತೆ ಇಬ್ರೂ ಸುಸ್ತು, ನಾಟಕಕ್ಕೆ ಬರಲ್ಲ ಅಂದಾಗ ಸ್ಕೌಟ್ ಅಡುಗೆಮನೇಲಿ ಕ್ಯಾಲ್ ಮುಂದೆ ತನ್ನ ಪಾರ್ಟ್ ಮಾಡಿ ತೋರಿಸ್ತಾಳೆ, ಸೂಪರ್ ಆಗಿದೆ ಅಂತ ಕ್ಯಾಲ್ ಹೇಳ್ತಾಳೆ. ಆಮೇಲೆ ಅವಳ ಸುದ್ದಿ ಇಲ್ಲ. ಜೆಮ್ ಕೈ ಮುರಿದು ಪ್ರಜ್ಞೆ ಇಲ್ಲದೆ ಮಲಗಿದಾನೆ, ಡಾಕ್ಟರ್ ಬರ್ತಾರೆ, ಶೆರಿಫ್ ಬರ್ತಾನೆ, ಮಕ್ಕಳನ್ನ ಕಾಪಾಡಿದ ನೆರೆಮನೆಯ ಬೂ ರಾಡ್ಲಿ ಬರ್ತಾನೆ, ಜೆಮ್ ಹುಟ್ಟಿದಾಗಿಂದ ನೋಡ್ಕೊಂಡೋಳಿಗೆ ಯಾರೂ ಹೇಳಿ ಕಳಿಸಲ್ಲ.

ಅರ್ಧಪುಟ:
ಅಯ್ಯೋ ಹೌದಲ್ಲ. ಇದು ನನ್ನ ತಲೆಗೇ ಹೊಳೆದಿರ್ಲಿಲ್ಲ. ಮೂಲೆಮನೆ ಅಕ್ಕ ಈಗ ಗೆದ್ದೆ ಅಂತಾರೆ ನೋಡಿ.

ಮೂಲೆಮನೆ:
ಗೆಲ್ಲೋದೇನು ಬಂತು ಅರ್ಧಪುಟ. ರಾತ್ರಿ ಆಗಿತ್ತು, ಕೆಲಸ ಮುಗಿಸ್ಕೊಂಡು ಅವಳ ಮನೆಗೆ ಹೋಗಿದ್ಲು. 2015ರಲ್ಲಿ ಬಂದ ಹಾರ್ಪರ್ ಲೀಯ ಇನ್ನೊಂದು ಕಾದಂಬರಿ ಗೋ ಸೆಟ್ ಎ ವಾಚ್‌ಮನ್ ಓದಿಲ್ಲ ಅಂದ್ರೆ ಕ್ಯಾಲ್‌ಗೋಸ್ಕರ ಆ ಒಂದು ಅಧ್ಯಾಯ ಓದಿ. ದೊಡ್ಡವಳಾದ ಸ್ಕೌಟ್ ಅವಳ ಮನೆಗೆ ಹೋಗ್ತಾಳೆ, ಕ್ಯಾಲ್ ಹೊರಗಿನವರ ಜೊತೆ ನಡ್ಕೊಳ್ಳೋ ಹಾಗೆ ಮರ್ಯಾದೆಯಿಂದ ದೂರ ಇಟ್ಟು ಮಾತಾಡ್ತಾಳೆ, ತಡೀಲಾರದೆ ಸ್ಕೌಟ್ ಕೇಳ್ತಾಳೆ ನಮ್ಮನ್ನ ದ್ವೇಷ ಮಾಡ್ತಿದ್ಯಾ ಅಂತ. ತುಂಬಾ ಹೊತ್ತಾದ್ಮೇಲೆ ಇಲ್ಲ ಅಂತ ತಲೆ ಆಡಿಸ್ತಾಳೆ. ಅಷ್ಟು ಹೊತ್ತು ಯಾಕೆ ತಗೊಂಡ್ಲು ಅನ್ನೋದರ ಬಗ್ಗೆ ಬೇರೆ ಥ್ರೆಡ್ ಶುರು ಮಾಡೋಣ, ಇದು ಆಗ್ಲೇ ಉದ್ದ ಆಯ್ತು.

ಹಳೇಕನ್ನಡಕ:
ಶುರು ಮಾಡಿ ಮೂಲೆಮನೆ, ಬರ್ತೀನಿ. ಆದ್ರೆ ಅದು ಮೊದಲು ಬರೆದ ಡ್ರಾಫ್ಟು, ಮಾಕಿಂಗ್‌ಬರ್ಡ್ ಆಮೇಲೆ ಬರೆದಿದ್ದು, ಅದನ್ನ ಮುಂದಿನ ಭಾಗ ಅಂತ ಓದೋಕೆ ನಾನು ಒಪ್ಪಲ್ಲ, ಅಲ್ಲಿಂದಲೇ ಜಗಳ ಶುರು ಮಾಡ್ತೀನಿ.